ಹೆಸರು ಹೇಳಬಾರದ ಗಂಟು

ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಮನೆ ಸಾಮಾನು ಸಾಗಿಸುವ ಕಂಪನಿಯೊಂದರ ಪ್ಯಾಕಿಂಗ್ ಹಾಲಿನಲ್ಲಿ, ಕಿಟಕಿಯ ಕೆಳಗಿನ ಬೆಂಚಿನ ಮೇಲೆ, ಹೋದ ವಾರದಿಂದ ಎರಡು ಲೋಟ ಟೀ ಬದಲಿಗೆ ಒಂದೇ ಲೋಟ ಟೀ ಇಡಲಾಗುತ್ತಿದೆ. ಇದರಿಂದ ಲೋಕವ್ಯವಹಾರಕ್ಕೆ ಯಾವ ಅಡಚಣೆಯೂ ಆಗಿಲ್ಲ. ಲಾರಿಗಳು ಹೊರಡುತ್ತಿವೆ, ಬಾಡಿಗೆದಾರರು ಮನೆ ಬದಲಿಸುತ್ತಿದ್ದಾರೆ, ಯಾವ ಪಾತ್ರೆ ಯಾರ ತವರಿನದೆಂದು ಗಂಡ ಹೆಂಡಿರು ಜಗಳವಾಡುತ್ತಿದ್ದಾರೆ. ಅಡಚಣೆಯಾಗಿರುವುದು ಆ ಒಂಟಿ ಲೋಟದ ಮುಂದೆ ಕೂತ ಮೇಸ್ತ್ರಿಗೆ ಮಾತ್ರ. ಪಕ್ಕದಲ್ಲಿ ಕೂತವನು ಸೊರ್ ಎಂದು ಸದ್ದು ಮಾಡಿ ಟೀ ಕುಡಿಯುವುದನ್ನು ಇಪ್ಪತ್ತು ವರ್ಷ ಬೈದು ಬೈದು, ಈಗ ಆ ಸದ್ದಿಲ್ಲದೆ ಟೀಗೆ ಸಕ್ಕರೆಯೇ ಬಿದ್ದಿಲ್ಲವೇನೋ ಅನಿಸುತ್ತದೆ. ಆ ಪಕ್ಕದವನು ಈಗ ಹಾಲಿನ ಆ ತುದಿಯಲ್ಲಿ, ರಟ್ಟಿನ ಪೆಟ್ಟಿಗೆಗಳ ಗೋಡೆಗೆ ಒರಗಿ ನಿಂತೇ ಕುಡಿಯುತ್ತಾನೆ. ಅಷ್ಟು ದೂರದ ಸೊರ್ ಕೇಳೀತೇ ಎಂದು ಮೇಸ್ತ್ರಿ ಕಿವಿ ಕೊಟ್ಟ. ಕೇಳಿಸಿದ್ದು ಯಾರೋ ಟೇಪು ಕೀಳುವ ಕರ್ ಕರ್. ಟೀ ಮೇಲೆ ಕೆನೆ ಕಟ್ಟಿತು. ಅದನ್ನು ಬೆರಳಿನಿಂದ ಎತ್ತಿ ಬೆಂಚಿನ ಕಾಲಿಗೆ ಒರಸಿದ, ಒರಸಿದ್ದನ್ನು ಯಾರಾದರೂ ನೋಡಿದರೋ ಎಂದು ಸುತ್ತ ನೋಡಿದ. ಈಚೆಗೆ ಏನು ಮಾಡಿದರೂ ಯಾರೋ ನೋಡುತ್ತಿದ್ದಾರೆ ಅನಿಸುತ್ತದೆ. ಯಾರೂ ನೋಡುತ್ತಿಲ್ಲ ಎಂದು ಗೊತ್ತಾದರೆ ಇನ್ನೂ ಕಸಿವಿಸಿ.

ಆ ನಿಂತವನನ್ನು ಮೇಸ್ತ್ರಿ ಭಾವ ಎನ್ನುತ್ತಿದ್ದ, ಅವನೂ ಮೇಸ್ತ್ರಿಯನ್ನು ಭಾವ ಎನ್ನುತ್ತಿದ್ದ. ಕೊಟ್ಟು ತರುವುದಕ್ಕೆ ಇಬ್ಬರಿಗೂ ಅಕ್ಕತಂಗಿಯರಿಲ್ಲ. ಹಿಂದೊಮ್ಮೆ ಯಾವುದೋ ಮನೆ ಖಾಲಿ ಮಾಡುವಾಗ, ಸೋಫಾವನ್ನು ಬಾಗಿಲಲ್ಲಿ ಅಡ್ಡ ತೂರಿಸುವುದೋ ಉದ್ದ ತೂರಿಸುವುದೋ ಎಂದು ಇಬ್ಬರೂ ಕಚ್ಚಾಡುತ್ತಿದ್ದುದನ್ನು ಕಂಡ ಆ ಮನೆಯ ಮುದುಕಿ, ಈ ಪಾಟಿ ಜಗಳ ಆಡುತ್ತೀರಲ್ಲ, ನೀವೇನು ಭಾವ ಭಾವಮೈದುನರೇ ಎಂದು ಕೇಳಿದ್ದಳು. ಸೋಫಾ ಆಚೆ ಹೋಯಿತು, ಭಾವ ಉಳಿಯಿತು. ಈಗ ಹೋದ ವಾರದಿಂದ ಅವನು ಮೇಸ್ತ್ರಿಗಳೇ ಎನ್ನುತ್ತಿದ್ದಾನೆ. ಬೈಗುಳವಾಗಿದ್ದರೆ ತಿರುಗಿಸಿ ಬೈಯಬಹುದಿತ್ತು. ಮರ್ಯಾದೆಗೆ ತಿರುಗಿಸಿ ಏನು ಕೊಡುವುದು? ಸಾಲದ್ದಕ್ಕೆ, ಬಂದರಿನ ಗೋದಾಮಿಗೆ ವರ್ಗ ಮಾಡಿ ಎಂದು ಭಾವ ಅರ್ಜಿ ಕೊಟ್ಟಿದ್ದಾನೆ. ಬಂದರು ಎಂದರೆ ಊರಿನ ಇನ್ನೊಂದು ತುದಿ, ಎರಡು ಬಸ್ಸು ಬದಲಿಸಬೇಕು. ಮೇಸ್ತ್ರಿಯ ರುಜು ಬಿದ್ದರೆ ಸೋಮವಾರದಿಂದ ಅವನು ಅಲ್ಲಿ. ಅರ್ಜಿ ಮೇಸ್ತ್ರಿಯ ಅಂಗಿಯ ಜೇಬಿನಲ್ಲಿದೆ. ಎದೆಯ ಮೇಲೆ ಅದು ಸರಬರ ಅನ್ನುವಾಗೆಲ್ಲ ಅವನು ಕೆಮ್ಮುತ್ತಾನೆ.

ಇದೆಲ್ಲ ಶುರುವಾದದ್ದು ಹೋದ ವಾರ, ಒಂದು ಮೂರನೇ ಮಹಡಿಯ ಮನೆಯಲ್ಲಿ. ಕನ್ನಡಿ ಬೀರು ಲಿಫ್ಟಿನಲ್ಲಿ ಹಿಡಿಸದೆ, ಹಗ್ಗ ಕಟ್ಟಿ ಮೆಟ್ಟಿಲ ಮೇಲೆ ಇಳಿಸುತ್ತಿದ್ದರು. ಮೇಲೆ ಮೇಸ್ತ್ರಿ, ಕೆಳಗೆ ಭಾವ. ನಡುದಾರಿಯಲ್ಲಿ ಗಂಟು ಜಾರಿತು. ಬೀರು ಯಾರನ್ನೂ ಕೇಳದೆ ಎರಡು ಮೆಟ್ಟಿಲು ತಾನೇ ಇಳಿದು, ಗೋಡೆಗೆ ಭುಜ ಕೊಟ್ಟು ನಿಂತಿತು. ಒಡೆಯಲಿಲ್ಲ. ಬಾಗಿಲಲ್ಲಿದ್ದ ಮನೆಯೊಡತಿ ಎದೆ ಹಿಡಿದುಕೊಂಡಳು. ಆಗ ಮೇಸ್ತ್ರಿಯ ಬಾಯಿ, ಮೇಸ್ತ್ರಿಯ ಅಪ್ಪಣೆಗೆ ಕಾಯದೆ, "ಯಾವನಯ್ಯಾ ಇದಕ್ಕೆ ಗುಡ್ಡದ ಗಂಟು ಹಾಕಿದ್ದು?" ಎಂದಿತು. ಗುಡ್ಡದ ಗಂಟು ಅಂದರೆ ನೋಡಲು ಗಂಟು, ಎಳೆದರೆ ಗಾಳಿ. ಗುಡ್ಡದವರ ಮಾತಿಗೂ ಕೆಲಸಕ್ಕೂ ಹಿಡಿತವಿಲ್ಲ ಎಂದು ಈ ಕಡೆಯವರು ಯಾವ ಕಾಲದಲ್ಲೋ ತೀರ್ಮಾನ ಮಾಡಿ, ತೀರ್ಮಾನ ಮರೆತು ಗಂಟನ್ನು ಮಾತ್ರ ಉಳಿಸಿಕೊಂಡಿದ್ದರು. ಪ್ಯಾಕಿಂಗ್ ಹಾಲಿನಲ್ಲಿ ಟೇಪು, ಕತ್ತರಿ, ಗುಡ್ಡದ ಗಂಟು, ಮೂರೂ ಒಂದೇ ಉಸಿರಿನ ಮಾತುಗಳು. ಮನೆಯೊಡತಿ ನಕ್ಕಳು. ಬೀರಿನ ಕನ್ನಡಿ ಮೇಲಕ್ಕೆ ಮುಖ ಮಾಡಿತ್ತು; ಅದರಲ್ಲಿ ಮೇಸ್ತ್ರಿಗೆ ಕಂಡದ್ದು ತನ್ನದೇ ತೆರೆದ ಬಾಯಿ, ಅದರ ಪಕ್ಕ, ಬೀರಿನ ಅಂಚಿನಿಂದ ಇಣುಕುತ್ತಿದ್ದ ಭಾವನ ಅರ್ಧ ಮುಖ. ಭಾವ ಹೊರೆ ಹೊತ್ತ ಒಂದು ಕೈ ಬಿಡಿಸಿಕೊಂಡು, ಕ್ಲಾಸಿನಲ್ಲಿ ಹಾಜರಿ ಹೇಳುವವನ ಹಾಗೆ ಎತ್ತಿದ. "ನಾನೇ, ಮೇಸ್ತ್ರಿಗಳೇ. ಗುಡ್ಡದವನೇ ಹಾಕಿದ್ದು."

ಮನೆಯೊಡತಿಯ ನಗು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತುಬಿಟ್ಟಿತು. ಆಮೇಲೆ ಅವಳು ಎಲ್ಲರಿಗೂ ತಣ್ಣನೆ ಶರಬತ್ತು ಕೊಟ್ಟಳು. ಭಾವನಿಗೆ ಎರಡು ಲೋಟ. ಅವನು ಎರಡನ್ನೂ ಕುಡಿದ. ಭಾವ ಗುಡ್ಡದವನು ಎಂದು ಮೇಸ್ತ್ರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಅಂಗಿಯ ಒಳಗೆ ಬನಿಯನ್ ಇದೆ ಎಂದು ಗೊತ್ತಿರುವ ಹಾಗೆ. ಅದು ಕಷ್ಟದ ಮಾತಲ್ಲ. ಕಷ್ಟದ ಮಾತು ಬೇರೆ ಇದೆ, ಮೇಸ್ತ್ರಿ ಅದನ್ನು ಬಸ್ಸಿನಲ್ಲಿ, ಬಚ್ಚಲಲ್ಲಿ, ಹಗ್ಗದ ಸುರುಳಿಗಳ ನಡುವೆ, ಎಲ್ಲಿ ಹೋದರೂ ಸುತ್ತಿ ಬಳಸಿ ಮತ್ತೆ ಅಲ್ಲಿಗೇ ಬರುತ್ತಾನೆ: ಆ ಗಂಟು ಹಾಕಿದ್ದು ಮೇಸ್ತ್ರಿ. ನಲ್ಲಿ ರಿಪೇರಿಯವನು ಬಂದಿದ್ದಾನೆ, ಏನು ಹೇಳಲಿ ಎಂದು ಹೆಂಡತಿ ಫೋನು ಮಾಡಿದ್ದಳು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮೇಸ್ತ್ರಿ ಆ ಗಂಟು ಹಾಕಿದ್ದ. ಕೆಳಗಿನ ತುದಿ ಹಿಡಿದು ನಿಂತಿದ್ದ ಭಾವ ಅದನ್ನು ನೋಡಿದ್ದ. ಗಂಟು ಜಾರಿದಾಗ, ಆ ಅರೆಕ್ಷಣದಲ್ಲಿ, ಮೇಸ್ತ್ರಿಗೆ ಬೇಕಾಗಿದ್ದದ್ದು ತಪ್ಪನ್ನು ಇಡುವುದಕ್ಕೆ ಒಂದು ಜಾಗ, ಮತ್ತು ಆ ಜಾಗ ಆ ಮಾತಿನೊಳಗೆ ರೆಡಿಯಾಗಿತ್ತು, ಗುಡಿಸಿ ಒರೆಸಿ ಇಟ್ಟ ಬಾಡಿಗೆ ಮನೆಯ ಹಾಗೆ.

"ನೀವಂದಿದ್ದು ಗಂಟಿಗೆ, ಮನುಷ್ಯನಿಗಲ್ವಲ್ಲ," ಎಂದಳು ಹೆಂಡತಿ, ರಾತ್ರಿ ಊಟ ಬಡಿಸುತ್ತ. ಅವಳ ಪ್ರಕಾರ ಮಾತು ಅನ್ನುವುದು ಹಳೇ ಪಾತ್ರೆ. ಯಾರು ಯಾಕೆ ಕೊಟ್ಟರೆಂದು ಯಾರಿಗೆ ನೆನಪಿರುತ್ತದೆ, ಬೇಯುತ್ತದಲ್ಲ, ಸಾಕು. ಮೇಸ್ತ್ರಿಗೆ ಸಮಾಧಾನವಾಯಿತು. ಸಮಾಧಾನವಾದ ಕೂಡಲೇ ಹಳೆಯ ಶಾಲೆಯ ಕಪ್ಪು ಹಲಗೆ ಕಣ್ಣ ಮುಂದೆ ಬಂತು, ಸೀಮೆಸುಣ್ಣದ ವಾಸನೆಯ ಸಮೇತ. ಮೇಸ್ತ್ರಿ ತಗ್ಗಿನ ಸೀಮೆಯವನು, ತಗ್ಗಿನವರ ತಲೆ ನಿಧಾನ ಎಂದು ಊರಿನ ನಂಬಿಕೆ. ಯಾವ ಹುಡುಗ ಲೆಕ್ಕ ತಪ್ಪಿದರೂ ಮೇಷ್ಟ್ರು ತಗ್ಗಿನ ತಲೆ ಎನ್ನುತ್ತಿದ್ದರು, ಕ್ಲಾಸು ನಗುತ್ತಿತ್ತು, ಲೆಕ್ಕ ಸರಿ ಮಾಡಿ ಕೂತಿದ್ದ ಈ ತಗ್ಗಿನ ಹುಡುಗನೂ ನಗುತ್ತಿದ್ದ. ಎಲ್ಲರಿಗಿಂತ ಜೋರಾಗಿ, ಆದರೆ ಎಲ್ಲರಿಗಿಂತ ಒಂದು ಚೂರು ತಡವಾಗಿ. ಮೊದಲು ಉಗುಳು ನುಂಗಿಕೊಂಡು, ಆಮೇಲೆ. ಆ ನುಂಗುವಿಕೆ ನೆನಪಾದಾಗ ಮೇಸ್ತ್ರಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಭಾವನೂ ನಗುತ್ತಿದ್ದನಲ್ಲ. ಗುಡ್ಡದ ಗಂಟು ಎಂದಾಗೆಲ್ಲ, ಇಪ್ಪತ್ತು ವರ್ಷ, ಲಾರಿಯ ಹಿಂದೆ, ಮೆಟ್ಟಿಲ ಮೇಲೆ, ಇದೇ ಬೆಂಚಿನ ಮೇಲೆ. ಸ್ವಲ್ಪ ತಡವಾಗಿ ನಗುತ್ತಿದ್ದನೇ? ಮೇಸ್ತ್ರಿ ಒಂದೊಂದೇ ನಗುವನ್ನು ನೆನಪಿನಿಂದ ಕೆಳಗಿಳಿಸಿ, ಕಾಗದ ಬಿಚ್ಚಿ, ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದ. ಟೀ ಕುಡಿಯುವಾಗ ನಕ್ಕದ್ದನ್ನು ಲೆಕ್ಕಕ್ಕೆ ಹಿಡಿಯಬಹುದೇ? ಟೀ ಕುಡಿಯುವವನು ಹೇಗೂ ನುಂಗಲೇಬೇಕು. "ಊಟ ಮಾಡ್ರೀ," ಎಂದಳು ಹೆಂಡತಿ, "ಗಂಟು ಗಂಟು ಅಂತ ಮುಖಾನೇ ಗಂಟಾಗೋಯ್ತು."

ಮರುದಿನ ಬಸ್ಸಿನಲ್ಲಿ ಮೇಸ್ತ್ರಿಗೆ ಒಂದು ದಿವ್ಯ ಉಪಾಯ ಹೊಳೆಯಿತು. ತಪ್ಪನ್ನು ಒಪ್ಪುವುದಕ್ಕಿಂತ ಮಾತನ್ನೇ ಹೊಗಳಿಕೆ ಮಾಡಿಬಿಟ್ಟರೆ? ಇಳಿಯುವಷ್ಟರಲ್ಲಿ ಕಥೆ ತಯಾರು. ಗುಳ್ಳೆ ಪ್ಲಾಸ್ಟಿಕ್ಕಿನ ಸುರುಳಿ ಎತ್ತುತ್ತಿದ್ದ ಭಾವನ ಹಿಂದೆ ನಿಂತು, ಯಾರೋ ಬಲ್ಲವರು ಹೇಳಿದರು ಎಂದು ಶುರು ಮಾಡಿದ: ಗುಡ್ಡದ ಇಳಿಜಾರಿನಲ್ಲಿ ಹೇಸರಗತ್ತೆ ಕಾಲು ಜಾರಿದರೆ, ಒಂದೇ ಎಳೆತಕ್ಕೆ ಹೊರೆ ಕಳಚಿ ಬಿದ್ದು ಪ್ರಾಣಿ ಉಳಿಯಲಿ ಅಂತ ನಿಮ್ಮ ಹಿರಿಯರು ಕಂಡುಹಿಡಿದ ಗಂಟಂತೆ ಅದು, ಜಾಣತನದ ಗಂಟು, ನಮ್ಮವರು ತಿಳಿಯದೆ ಬೈಗುಳ ಮಾಡಿಕೊಂಡರು. ಹೇಳುತ್ತ ಹೇಳುತ್ತ ಅವನಿಗೇ ನಂಬಿಕೆ ಬಂದು ಕಣ್ಣು ತೇವವಾಯಿತು. ಭಾವ ಸುರುಳಿಯನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ.

"ನಮ್ಮಪ್ಪ ದರ್ಜಿ," ಎಂದ. "ಮನೆ ಇದ್ದಿದ್ದು ಬಸ್ ಡಿಪೋ ಎದುರಿಗೆ. ಗುಡ್ಡ ನಾನಿನ್ನೂ ನೋಡಿಲ್ಲ, ಏಣಿ ಹತ್ತಿದ್ರೇ ತಲೆ ತಿರುಗುತ್ತೆ, ನಿಮಗೆ ಗೊತ್ತಲ್ಲ. ಹೇಸರಗತ್ತೆ ನೋಡಿದ್ದು ಮೃಗಾಲಯದಲ್ಲಿ, ನೀವೇ ಟಿಕೆಟ್ ತೆಗೆಸಿದ್ರಿ." ಸುರುಳಿಯನ್ನು ಮತ್ತೆ ಹೆಗಲಿಗೇರಿಸಿದ. ಅದರಲ್ಲಿ ಒಂದು ಗುಳ್ಳೆ ಟಪ್ ಎಂದಿತು. "ಹೊಗಳಿಕೆನೂ ಬೇಡ ಮೇಸ್ತ್ರಿಗಳೇ. ಅದನ್ನ ಎಲ್ಲಿ ಇಟ್ಕೊಳ್ಳಲಿ."

ಒಬ್ಬನ ಹತ್ತಿರ ಒಂದು ಮಾತು ಹೇಳಲಾಗದವನು ಊರಿಗೆಲ್ಲ ಒಂದು ಕಾಯಿದೆ ಮಾಡುತ್ತಾನೆ. ಮೇಸ್ತ್ರಿ ಮ್ಯಾನೇಜರಮ್ಮನ ಗಾಜಿನ ಕೋಣೆಗೆ ಹೋದ. ಆಕೆ ಹೊಸಬರು, ಒಳ್ಳೆಯವರು, ಯಾರಿಗಾದರೂ ನೋವಾಯಿತು ಎಂದರೆ ಪೆನ್ನಿನ ಮುಚ್ಚಳ ತೆಗೆಯುವಂಥವರು. ಆ ಮಾತನ್ನೇ ನಿಷೇಧಿಸಬೇಕು, ಆ ಗಂಟನ್ನು ಇನ್ನು ಮುಂದೆ ಜಾರುಗಂಟು ಎನ್ನಬೇಕು, ಶನಿವಾರ ಟೀ ಹೊತ್ತಿಗೆ ಎಲ್ಲರ ಮುಂದೆ ತಾನೇ ಓದಿ ಹೇಳಿ ಭಾವನ ಕ್ಷಮೆ ಕೇಳುತ್ತೇನೆ, ಅವನು ಅರ್ಜಿ ವಾಪಸು ಪಡೆಯುತ್ತಾನೆ. ಮೇಸ್ತ್ರಿ ಒಂದೇ ಉಸಿರಿನಲ್ಲಿ ಹೇಳಿದ. ಗಂಟು ಹಾಕಿದ್ದು ನಾನು ಎಂಬ ಮೂರು ಮಾತು ಮಾತ್ರ ಆ ಉಸಿರಿನಲ್ಲಿ ಹಿಡಿಸಲಿಲ್ಲ. ಸಹಿಗೆ ಬಂದಿದ್ದ ಲಾರಿ ಡ್ರೈವರ್ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. ಬಾಯಿ ಮುಚ್ಚಿದ್ದನ್ನು ಯಾರೂ ಕಾಣದ ಕಾರಣ ಅವನಿಗೆ ಸೈಲೆನ್ಸರ್ ಎಂದು ಹೆಸರು. ಹೀಗೆ ಒಂದೊಂದೇ ಮಾತು ಕಿತ್ತರೆ ಕೊನೆಗೆ ಎಲ್ಲರೂ ಹಾರ್ನ್ ಹೊಡೆದುಕೊಂಡೇ ಮಾತಾಡಬೇಕು ಎಂದ. ತಮಾಷೆಗೆ ಅಂದರೆ ಏನು ಮಾಡುತ್ತೀರಿ, ಬಾಯಿ ತಪ್ಪಿ ಬಂದರೆ ಏನು ಮಾಡುತ್ತೀರಿ ಎಂದ. ಅದಕ್ಕೇ ಮೇಸ್ತ್ರಿ ಮೇಜಿನ ಮೇಲೆ ಬಾಗಿ, "ಯಾವುದೇ ಕಾರಣಕ್ಕೂ ಅಂತ ಸೇರಿಸಿ ಮೇಡಂ," ಎಂದ. "ಇಲ್ದಿದ್ರೆ ಇಂಥೋರು ಸಂದು ಹುಡುಕ್ತಾರೆ." ಮ್ಯಾನೇಜರಮ್ಮ ಸೇರಿಸಿದರು: ಯಾವುದೇ ಕಾರಣಕ್ಕೂ ಆಡಬಾರದು, ಬರೆಯಬಾರದು, ಪ್ರದರ್ಶಿಸಬಾರದು, ಆಡಿದವರಿಗೆ ಲಿಖಿತ ಎಚ್ಚರಿಕೆ. ಮುಖ್ಯ ಕಚೇರಿಗೆ ಕಳಿಸಿದರು. ಮುಖ್ಯ ಕಚೇರಿ, ಒಡೆದ ಕಿಟಕಿ ಗಾಜಿಗೆ ಒಂದು ವರ್ಷ ತೆಗೆದುಕೊಂಡದ್ದು, ಇದಕ್ಕೆ ಮರುದಿನವೇ ಒಪ್ಪಿಗೆ ಕೊಟ್ಟಿತು.

ಶುಕ್ರವಾರ ಸಂಜೆ ಬಸ್ ನಿಲ್ದಾಣದಲ್ಲಿ ಭಾವ ಕಂಬದ ಆ ಕಡೆ, ಮೇಸ್ತ್ರಿ ಈ ಕಡೆ. ನಡುವೆ ಯಾರದೋ ಚೀಲ. ನಾಳೆ ನೋಡು, ಎಲ್ಲ ಸರಿ ಮಾಡ್ತೀನಿ ಎಂದು ಮೇಸ್ತ್ರಿಗೆ ಬಾಯಿ ತುದಿಗೆ ಬಂದಿತ್ತು. ನಾಳೆಯದೇ ಏಕೆ, ಈಗಲೇ, ಆ ಗಂಟು ನಂದು ಎಂದುಬಿಟ್ಟರೆ ಮುಗಿಯಿತಲ್ಲ. ಕಂಬಕ್ಕೆ ಹಚ್ಚಿದ ಮನೆ ಬಾಡಿಗೆಗಿದೆ ಎಂಬ ಚೀಟಿಯನ್ನು ಓದಿದ, ಎರಡನೇ ಸಲ ಓದಿದ, ಅದರಲ್ಲಿದ್ದ ಫೋನ್ ನಂಬರು ಬಾಯಿಪಾಠವಾಯಿತು. ಮೊದಲಾದರೆ ಇಷ್ಟು ಹೊತ್ತಿಗೆ ಭಾವ, ಏನು ಭಾವ, ಮನೆ ಬಿಟ್ಟು ಓಡೋ ಪ್ಲ್ಯಾನಾ ಎನ್ನುತ್ತಿದ್ದ. ಈಗ ಅವನು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ, ಹಗ್ಗ ಉಜ್ಜಿ ಉಜ್ಜಿ ಗೆರೆಗಳೇ ಮಾಸಿಹೋದ ಕೈಗಳು. ಎಲ್ಲರೂ ಒಪ್ಪುತ್ತಿದ್ದ ವಿಷಯವೊಂದಿತ್ತು, ಹಾಲಿನಲ್ಲಿ ಎಲ್ಲರಿಗಿಂತ ಗಟ್ಟಿ ಗಂಟು ಭಾವನದು. ಅವನು ಕಟ್ಟಿದ್ದನ್ನು ಬಿಚ್ಚಲಾಗದೆ ಗಿರಾಕಿಗಳು ಕತ್ತರಿ ಕೇಳುತ್ತಿದ್ದರು. ಆದರೂ ಎಲ್ಲಾದರೂ ಗಂಟು ಸಡಿಲಾದರೆ ಅದಕ್ಕೆ ಅವನ ಊರಿನ ಹೆಸರು. ಅವನು ನೋಡೇ ಇರದ ಊರಿನ ಹೆಸರು. ಬಸ್ಸು ಬಂತು. ಭಾವ ಮುಂದಿನ ಬಾಗಿಲಿನಿಂದ ಹತ್ತಿದ, ಮೇಸ್ತ್ರಿ ಹಿಂದಿನ ಬಾಗಿಲಿನಿಂದ.

ಶನಿವಾರ ಬೆಳಿಗ್ಗೆ ಮೇಸ್ತ್ರಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಭಾಷಣ ಬಾಯಿಪಾಠವಾಗಿತ್ತು, ಎಲ್ಲಿ ಧ್ವನಿ ತಗ್ಗಿಸಬೇಕು, ಎಲ್ಲಿ ಭಾವನ ಕಡೆ ತಿರುಗಬೇಕು, ಎಲ್ಲವೂ. ಟೀ ಬಂತು. ಎಲ್ಲರೂ ಪೆಟ್ಟಿಗೆಗಳ ಮೇಲೆ ಕೂತರು, ಭಾವ ತನ್ನ ಗೋಡೆಗೆ ಒರಗಿದ. ಮ್ಯಾನೇಜರಮ್ಮ ಕಾಗದವನ್ನು ಮೇಸ್ತ್ರಿಯ ಕೈಗೆ ಕೊಟ್ಟು, ಗಂಟಲು ಸರಿ ಮಾಡಿಕೊಂಡು, ಕಿವಿಯ ಹತ್ತಿರ ಹೇಳಿದರು. ಸಣ್ಣ ತೊಂದರೆ. ಕಾಯಿದೆ ಬೆಳಿಗ್ಗೆ ಹಾಲಿನ ಬಾಗಿಲು ತೆಗೆದಾಗಿನಿಂದಲೇ ಜಾರಿ. ಆದ್ದರಿಂದ ಯಾವ ಮಾತನ್ನು ಆಡಬಾರದೋ ಆ ಮಾತನ್ನು ಇದರಲ್ಲಿ ಬರೆಯುವ ಹಾಗಿಲ್ಲ, ಓದುವ ಹಾಗೂ ಇಲ್ಲ. ಮುಖ್ಯ ಕಚೇರಿಯವರು ತೆಗೆಸಿದರು. ಮೇಸ್ತ್ರಿ ನೋಡಿದ. ಆ ಜಾಗದಲ್ಲಿ ಒಂದು ಉದ್ದನೆಯ ಗೆರೆ ಇತ್ತು, ಚೆನ್ನಾಗಿ ಎಳೆದ ಹಗ್ಗದಂತೆ, ನೆಟ್ಟಗೆ.

ಓದಿದ. ಈ ಆವರಣದಲ್ಲಿ ಇನ್ನು ಮುಂದೆ, ಎಂದು ಗೆರೆಯ ಹತ್ತಿರ ಬಂದು ನಿಂತ, ನೀರು ಕಂಡ ಎತ್ತಿನಂತೆ. ಎಂಬ ಮಾತನ್ನು ಯಾವುದೇ ಕಾರಣಕ್ಕೂ ಆಡಬಾರದು, ಎಂದು ಆ ಕಡೆ ಹಾರಿದ. ಯಾವ ಮಾತನ್ನು ಎಂದು ಯಾರೋ ಕೇಳಿದರು. ಹೇಳುವ ಹಾಗಿಲ್ಲ ಎಂದ ಮೇಸ್ತ್ರಿ. ಹೇಳದಿದ್ದರೆ ನಾವು ಆಡದೆ ಇರುವುದು ಹೇಗೆ ಎಂದರು. ನ್ಯಾಯವಾದ ಪ್ರಶ್ನೆ. ಸೈಲೆನ್ಸರ್‌ಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೇ ಪೆಟ್ಟಿಗೆ ಬಿಟ್ಟು ಎದ್ದ. ಗಡಿಯವರ ಗಡಿಯಾರ ಅಂತೀವಲ್ಲ, ಲೇಟಾಗಿ ಬಂದ್ರೆ, ಅದಾ ಎಂದ. ಅಲ್ಲ. ಹಾಗಾದರೆ ಕಡಲವರ ಆಣೆ ಇರಬೇಕು ಎಂದರು ಇನ್ನೊಬ್ಬರು, ಸುಳ್ಳು ಆಣೆಗೆ ಹಾಗೆ ಅನ್ನುತ್ತಾರಲ್ಲ. ಕಡಲ ಕಡೆಯವನೊಬ್ಬ ಹಿಂದಿನ ಸಾಲಿನಲ್ಲಿ ಲೋಟ ಕೆಳಗಿಟ್ಟ. ಮರಳಿನವರ ಮನೆಯೂಟ, ಎಂದರು ಮತ್ತೊಬ್ಬರು. ಕರೆದು ಬಡಿಸದವರಿಗೆ ಅನ್ನುವ ಮಾತು. ಒಬ್ಬೊಬ್ಬರಾಗಿ ನೆನಪಿಸಿಕೊಂಡು ಉತ್ಸಾಹದಿಂದ ಹೇಳತೊಡಗಿದರು, ಹೇಳಿದವರೂ ನಕ್ಕರು, ಹೇಳಿಸಿಕೊಂಡವರೂ ನಕ್ಕರು. ಮೇಸ್ತ್ರಿ ಆ ನಗುಗಳನ್ನು ಕೇಳುತ್ತಿದ್ದ. ಯಾವುದು ಕೂಡಲೇ ಬಂತು, ಯಾವುದು ಉಗುಳು ನುಂಗಿ ಬಂತು, ಈಗ ಅವನಿಗೆ ಕತ್ತಲೆಯಲ್ಲೂ ಹೇಳಲು ಬರುತ್ತಿತ್ತು. ತಗ್ಗಿನ ತಲೆ ಎಂದು ಯಾರೋ ಕೂಗಿದರು. ಮೇಸ್ತ್ರಿಯ ಬಾಯಿ, ಮೇಸ್ತ್ರಿಯ ಅಪ್ಪಣೆಗೆ ಕಾಯದೆ, ಉಗುಳು ನುಂಗಿ ನಕ್ಕಿತು.

ಭಾವ ಅದನ್ನು ನೋಡಿದ. ಗೋಡೆ ಬಿಟ್ಟು ಬಂದು ಬೆಂಚಿನ ಮೇಲೆ ತನ್ನ ಲೋಟ ಇಟ್ಟ. "ಗುಡ್ಡದ ಗಂಟು," ಎಂದ. "ಅದೇ ತಾನೇ? ಸಾಕು ಬಿಡಿ, ಟೀ ಆರ್ತಿದೆ."

ಮ್ಯಾನೇಜರಮ್ಮ ಕಣ್ಣು ಮುಚ್ಚಿ ತೆರೆದರು. ನೀವು ಹೀಗೆ ಹೇಳಬಾರದಿತ್ತು, ಈಗ ಎಚ್ಚರಿಕೆ ಬರೆಯಲೇಬೇಕಾಗುತ್ತದೆ ಎಂದರು, ನಿಜವಾಗಿ ನೊಂದಿದ್ದರು. "ನಂದೇ ಅಲ್ವಾ ಮೇಡಂ, ಮಾತು?" ಎಂದು ಭಾವ ಕೇಳಿದ. "ನಿಮ್ಮದಾದ್ರೂ," ಎಂದರು ಅವರು, "ಯಾವುದೇ ಕಾರಣಕ್ಕೂ ಅಂತ ಇದೆ." ಬರೆದರು. ಪೆನ್ನಿನ ಸದ್ದು ಟೇಪು ಕಿತ್ತಷ್ಟು ಜೋರಾಗಿ ಕೇಳಿಸಿತು.

ಮೇಸ್ತ್ರಿಗೆ ಭಾಷಣ ಪೂರ್ತಿ ಮರೆತುಹೋಗಿತ್ತು, ಆದ್ದರಿಂದ ಇದ್ದ ಮಾತು ಹೊರಗೆ ಬಂತು. "ಅವತ್ತು ಆ ಬೀರಿನ ಗಂಟು ಹಾಕಿದ್ದು ನಾನು," ಎಂದ. "ಇವನಲ್ಲ."

"ಗೊತ್ತು," ಎಂದ ಭಾವ.

"ಗೊತ್ತಿದ್ದೂ ನಾನೇ ಅಂದ್ಯಲ್ಲ."

"ಇಪ್ಪತ್ತು ವರ್ಷದಿಂದ ಜಾರಿದ್ದೆಲ್ಲಾ ನಂದೇ ತಾನೇ. ಅದೊಂದು ಯಾಕೆ ಬಿಡ್ಲಿ ಅಂತ."

ಯಾರೂ ನಗಲಿಲ್ಲ, ಸೈಲೆನ್ಸರ್ ಕೂಡ. ಮೇಸ್ತ್ರಿ ಜೇಬಿಗೆ ಕೈ ಹಾಕಿದ. ಅರ್ಜಿ ಬೆವರಿಗೆ ಮೆತ್ತಗಾಗಿತ್ತು. ಇಷ್ಟು ದಿನ ಇವನನ್ನು ಹೇಗೆ ಹಿಡಿದಿಟ್ಟುಕೊಳ್ಳುವುದು ಎಂದೇ ಯೋಚಿಸಿದೆನಲ್ಲ, ಇವನಿಗೆ ಏನು ಬೇಕೆಂದು ಈ ಕಾಗದದಲ್ಲಿ ಬರೆದುಕೊಟ್ಟಿದ್ದಾನೆ, ನಾನು ಓದಿಯೇ ಇಲ್ಲ ಅನಿಸಿತು. ಬೆಂಚಿನ ಮೇಲೆ ಅದನ್ನು ಬಿಡಿಸಿ, ಮ್ಯಾನೇಜರಮ್ಮನ ಪೆನ್ನು ಕೇಳಿ ತೆಗೆದುಕೊಂಡು, ರುಜು ಮಾಡಿದ. ಎರಡು ಬಸ್ಸು, ಆಗಲಿ. ಒಂಟಿ ಲೋಟ, ಆಗಲಿ. ಜೀವಮಾನದಲ್ಲಿ ಒಂದು ಗಂಟನ್ನು ಸರಿಯಾಗಿ ಬಿಚ್ಚಿದೆ ಎಂದು ಎದೆ ಹಗುರಾಯಿತು. ಭಾವ ಆ ರುಜುವನ್ನು ನೋಡಿ, ಮೇಸ್ತ್ರಿಯನ್ನು ನೋಡಿ, ಏನೋ ಹೇಳಲು ಬಾಯಿ ತೆರೆದ. ಭಾವ ಎನ್ನುವಷ್ಟೇ ತೆರೆದಿದ್ದ ಬಾಯಿ ಅದು, ಮೇಸ್ತ್ರಿ ಬೇಕಾದರೆ ಆಣೆ ಮಾಡಿ ಹೇಳುತ್ತಾನೆ.

ಮ್ಯಾನೇಜರಮ್ಮ ಎರಡೂ ಕಾಗದಗಳನ್ನು ಒಂದರ ಮೇಲೊಂದು ಇಟ್ಟು, ಅಂಚು ಸರಿ ಮಾಡಿ, ಅಲ್ಲೇ ತಡೆದರು. ಇನ್ನೊಂದು ಸಣ್ಣ ತೊಂದರೆ ಎಂದರು. ಲಿಖಿತ ಎಚ್ಚರಿಕೆ ಇದ್ದವರ ವರ್ಗಾವಣೆ ಅರ್ಜಿಯನ್ನು ಮೂರು ತಿಂಗಳ ತನಕ ಮುಖ್ಯ ಕಚೇರಿಗೆ ಕಳಿಸುವ ಹಾಗಿಲ್ಲ, ಅದು ಹಳೆಯ ನಿಯಮ, ತಾವು ಮಾಡಿದ್ದಲ್ಲ. ಎಚ್ಚರಿಕೆ ಇಂದಿನದು. ರುಜುವೂ ಇಂದಿನದೇ, ಆದರೆ ಎಚ್ಚರಿಕೆ ಮೊದಲು ಬಿತ್ತು. ಹೇಳಿ, ಆಕೆ ಪೆನ್ನಿಗೆ ಮುಚ್ಚಳ ಹಾಕಿದರು.

ಭಾವನ ಬಾಯಿ ಮುಚ್ಚಿಕೊಂಡಿತು. ಟೀ ಹೊತ್ತು ಮುಗಿದು ಎಲ್ಲರೂ ಎದ್ದರು. ಹೊರಗೆ ಹೊರಡಬೇಕಾದ ಲಾರಿಯಲ್ಲಿ ಯಾರದೋ ಬೀರು ನಿಂತಿತ್ತು. ಭಾವ ಹಗ್ಗದ ಸುರುಳಿ ಎತ್ತಿಕೊಂಡು ಹೋದ, ಮೇಸ್ತ್ರಿ ಹಿಂದೆ ಹೋದ, ಕರೆದನೋ ಇಲ್ಲವೋ ತಿಳಿಯದೆ. ಭಾವ ಬೀರಿನ ಸುತ್ತ ಹಗ್ಗ ಬಳಸಿ, ಒಂದು ತುದಿಯನ್ನು ಇವನ ಕಡೆ ಚಾಚಿದ. ಮೇಸ್ತ್ರಿ ಎರಡೂ ಕೈಯಲ್ಲಿ ಹಿಡಿದ. ಆ ಕಡೆಯಿಂದ ಭಾವ ಕಾಲು ಕೊಟ್ಟು ಎಳೆದ, ಅಂಗೈ ಉರಿಯುವಷ್ಟು.

"ಬಿಡಬೇಡಿ ಮೇಸ್ತ್ರಿಗಳೇ," ಎಂದ. "ಮೂರು ತಿಂಗಳು ಇದೆ."